ಡೇರೆ ಹಾಕಲು ದೇವರ ಅಪ್ಪಣೆ

ಶೀಲೋ ಪೇಟೆಯ ಶಾಲೆಯಲ್ಲಿ ಮೂವತ್ತೊಂದು ವರ್ಷ ಮುನ್ನೂರು ಮಕ್ಕಳಿಗೆ ಅನ್ನ ಬೇಯಿಸಿದ ಯುಲುವಾನ್, ನಿವೃತ್ತಿಯಾದ ಮರುವಾರವೇ ಒಂದು ಸೈಕಲ್ ಕೊಂಡಳು. ಅದರ ಮರುವಾರ ಒಂದು ಡೇರೆ ಕೊಂಡಳು. ಮೂರನೆಯ ವಾರ ರಾತ್ರಿ ಊಟಕ್ಕೆ ಕೂತಾಗ, ಸೈಕಲ್ಲಿನಲ್ಲಿ ತೈವಾನ್ ದ್ವೀಪವನ್ನು ಪೂರ್ತಿ ಒಂದು ಸುತ್ತು ಹಾಕಿ ಬರುತ್ತೇನೆ, ಹನ್ನೆರಡು ದಿನ, ಕತ್ತಲಾದ ಊರಲ್ಲಿ ಡೇರೆ ಹಾಕಿ ಮಲಗುತ್ತೇನೆ ಎಂದು ಗಂಡನಿಗೆ ಹೇಳಿದಳು. ಗಂಡ ಖುನ್‌ಮು ಮೀನಿನ ಮುಳ್ಳು ಬಿಡಿಸುತ್ತಿದ್ದವನು ಬಿಡಿಸುತ್ತಲೇ ಇದ್ದ.

ಕೆಟ್ಟವನಲ್ಲ ಖುನ್‌ಮು. ತರಕಾರಿ ಮಂಡಿಗೆ ಸಣ್ಣ ಲಾರಿ ಓಡಿಸುವ ಮನುಷ್ಯ. ಆದರೆ ತನ್ನ ಮನೆಯ ಹೊರಗೆ ಎಲ್ಲೂ ಸರಿಯಾದ ಕಕ್ಕಸು ಇಲ್ಲ ಎಂದು ನಂಬಿದವನು. ಅರವತ್ತೆರಡು ವರ್ಷದ ಹೆಂಗಸು ಕಂಡವರ ಊರಿನ ಬೀದಿಯಲ್ಲಿ ಮಲಗಿದರೆ ಜನ ಉಗಿಯುವುದು ನನಗೆ, ನಿನಗಲ್ಲ ಎಂದ. ಎರಡು ದಿನ ಜಗಳವಾಡಿ ಕೊನೆಗೆ ಒಂದು ಕರಾರಿಗೆ ಬಂದ. ಮೊದಲನೆಯ ದಿನ ಸಂಜೆ ಐದೂವರೆಯೊಳಗೆ, ನಿಂತ ಡೇರೆಯ ಫೋಟೋ ಅವನ ಫೋನಿಗೆ ಬರಬೇಕು. ಬಾರದಿದ್ದರೆ ಅವನು ಲಾರಿ ತಂದು ಸೈಕಲ್ಲನ್ನೂ ಅವಳನ್ನೂ ಹೇರಿಕೊಂಡು ಹೋಗುತ್ತಾನೆ. ಆಮೇಲೆ ಈ ಸೈಕಲ್ಲಿನ ಮಾತು ಮನೆಯಲ್ಲಿ ಯಾವತ್ತೂ ಎತ್ತಕೂಡದು. ಯುಲುವಾನ್ ತಕ್ಷಣ ಒಪ್ಪಿಕೊಂಡಳು. ಇಷ್ಟು ದೊಡ್ಡ ದ್ವೀಪದಲ್ಲಿ ಒಂದು ಚಾಪೆಯಷ್ಟು ಜಾಗ ಸಿಗುವುದಿಲ್ಲವೇ, ಅದೇನು ಮಹಾ ಎಂದುಕೊಂಡಳು. ಪಾಪ!

ಅಕ್ಟೋಬರಿನ ಆ ಬೆಳಿಗ್ಗೆ ಹೊರಟವಳಿಗೆ ನೆಲವೇ ಕಾಣಲಿಲ್ಲ. ಬೆನ್ನ ಹಿಂದೆ ಗಾಳಿ, ಎರಡೂ ಕಡೆ ಬೆಳ್ಳುಳ್ಳಿ ಗದ್ದೆ, ಹೇಳುವವರಿಲ್ಲ ಕೇಳುವವರಿಲ್ಲ. ಹತ್ತು ಗಂಟೆಗೆ ಒಂದು ಸಲ, ಹನ್ನೊಂದಕ್ಕೆ ಇನ್ನೊಂದು ಸಲ ನಿಲ್ಲಿಸಿ ತಿಂದಳು. ಎದುರಾದ ಸೈಕಲ್ಲಿನವರೆಲ್ಲ ಕೈ ಎತ್ತಿ ಹುರಿದುಂಬಿಸಿದರೆ ಇವಳು ಎರಡೂ ಕೈ ಎತ್ತಲು ಹೋಗಿ ಕಾಲುವೆಗೆ ಬೀಳುವುದರಲ್ಲಿದ್ದಳು. ವಯಸ್ಸು ಕೇಳಿದವರಿಗೆಲ್ಲ ಐವತ್ತೆರಡು ಎಂದಳು. ಮೊದಲು ಸಿಕ್ಕ ಚಹಾ ಅಂಗಡಿಯಲ್ಲಿ ಅರವತ್ತೆರಡು ಎಂದು ನಿಜ ಹೇಳಿದ್ದಕ್ಕೆ ಆ ಹುಡುಗಿ ಓಡಿಹೋಗಿ ಕುರ್ಚಿ ತಂದಿದ್ದಳು. ಅಲ್ಲಿಂದ ಮುಂದೆ ಹತ್ತು ವರ್ಷ ಕಳೆದುಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಅವಳಿಗೇ ಅದು ನಿಜ ಅನ್ನಿಸತೊಡಗಿತ್ತು.

ಮೂರೂವರೆಗೆ ಗಾಂಗ್‌ವೇಯ್ ಎಂಬ ಕಡಲ ಬದಿಯ ಪುಟ್ಟ ಊರು ಬಂತು. ಸಮುದ್ರದಲ್ಲಿ ಸಿಂಪಿ ಬೆಳೆಸುವವರ ಊರು, ಬೀದಿಯಿಡೀ ಚಿಪ್ಪಿನ ರಾಶಿ. ಮೊದಲು ಶಾಲೆಗೆ ಹೋದಳು, ತವರಿಗೆ ಹೋದ ಹಾಗೆ. ಕಾವಲುಗಾರ ಅವಳ ಮೂವತ್ತೊಂದು ವರ್ಷದ ಅಡುಗೆಯ ಕಥೆಯನ್ನು ಕೈಕಟ್ಟಿ ಕೇಳಿ, ಬಾಟಲಿ ತುಂಬ ನೀರು ಕೊಟ್ಟು, ಮೈದಾನಕ್ಕೆ ಮಾತ್ರ ಮೂರು ದಿನ ಮುಂಚೆ ಪತ್ರ ಬರೆಯಬೇಕು ಎಂದ. ಪೊಲೀಸ್ ಠಾಣೆಯಲ್ಲಿ ಅಳಿಯನಿಗೆ ಮಾಡುವಂಥ ಉಪಚಾರ. ಚಕ್ರಕ್ಕೆ ಗಾಳಿ ಹೊಡೆದರು, ಸೀಬೆಹಣ್ಣು ಹೆಚ್ಚಿ ಕೊಟ್ಟರು, ಅವಳ ಜೊತೆ ಫೋಟೋ ತೆಗೆಸಿಕೊಂಡರು. ಆದರೆ ಹಿತ್ತಲಿನ ತುಂಬ ಹಿಡಿದು ತಂದ ಮೋಟಾರ್ ಬೈಕುಗಳು, ಬೆಕ್ಕು ಮಲಗುವುದಕ್ಕೂ ಜಾಗವಿಲ್ಲ. ವಾಂಗ್‌ಯೇ ದೇವರ ಗುಡಿಗೆ ಹೋಗಿ ಎಂದು ಕಳಿಸಿದರು. ಗುಡಿ ಮುಟ್ಟಿದಾಗ ಗಂಟೆ ನಾಲ್ಕೂ ಮುಕ್ಕಾಲು. ಐದೂವರೆಗೆ ಇನ್ನು ಮುಕ್ಕಾಲು ಗಂಟೆಯಷ್ಟೇ.

ಗುಡಿ ನೋಡಿಕೊಳ್ಳುವ ಥ್ಯೆನ್‌ಶೌ ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ಪೇಪರ್ ಓದುತ್ತಿದ್ದ. ದೇವರ ಎದುರಿಗೆ, ಅಂಗಳದಾಚೆ, ನಾಟಕದ ಕಟ್ಟೆ ಖಾಲಿ ಬಿದ್ದಿತ್ತು. ಯುಲುವಾನ್ ಅದರ ಕಡೆ ಬೆರಳು ತೋರಿಸಿದಳು.

"ಅದು ನನ್ನಪ್ಪಂದಲ್ಲ ತಂಗಿ, ದೇವರದು," ಎಂದ ಥ್ಯೆನ್‌ಶೌ. "ಒಳಗೆ ಹೋಗಿ ಅವರನ್ನೇ ಕೇಳು. ಅವರು ಹೂಂ ಅಂದ್ರೆ ನಂದೇನೂ ಇಲ್ಲ."

ಸೈಕಲ್ಲಿನವರು ಯಾರೇ ಬಂದರೂ ಅಲ್ಲಿ ಅದೇ ಪದ್ಧತಿಯಂತೆ. ವಸಂತದಲ್ಲಿ ಬಂದ ಫ್ರೆಂಚ್ ಹುಡುಗನೊಬ್ಬನಿಗೆ ದೇವರು ಮೂರು ರಾತ್ರಿ ಕೊಟ್ಟಿದ್ದರಂತೆ. ಯುಲುವಾನ್ ಊದುಬತ್ತಿ ಹಚ್ಚಿ, ಗೋಡಂಬಿಯ ಹಾಗೆ ಬಾಗಿದ ಎರಡು ಮರದ ತುಂಡುಗಳನ್ನು ಕೈಗೆ ತೆಗೆದುಕೊಂಡಳು. ಒಂದು ಬದಿ ಚಪ್ಪಟೆ, ಒಂದು ಬದಿ ಉಬ್ಬು. ನೆಲಕ್ಕೆ ಬಿಟ್ಟಾಗ ಒಂದು ಚಪ್ಪಟೆ ಒಂದು ಉಬ್ಬು ಮೇಲಾದರೆ ಹೂಂ. ಎರಡೂ ಉಬ್ಬು ಮೇಲಾದರೆ ಊಹೂಂ. ಎರಡೂ ಚಪ್ಪಟೆ ಮೇಲಾದರೆ ದೇವರು ನಗುತ್ತಿದ್ದಾರೆ ಎಂದರ್ಥ, ಏನೋ ಸರಿಯಿಲ್ಲ, ಸರಿಮಾಡಿ ಕೇಳು ಎಂದರ್ಥ. ಇದೆಲ್ಲ ಅವಳಿಗೆ ಹುಟ್ಟಿನಿಂದ ಗೊತ್ತು. ಹೆಸರು, ವಿಳಾಸ, ವಯಸ್ಸು ಒಪ್ಪಿಸಿಯೇ ಕೇಳಬೇಕು ಎಂಬುದೂ ಗೊತ್ತು. ಮೊಣಕಾಲೂರಿ ಗಟ್ಟಿಯಾಗಿ ಎಲ್ಲ ಹೇಳಿ, ಗಂಡನ ಒಪ್ಪಿಗೆಯಿಂದ ಬಂದಿದ್ದೇನೆ, ಒಂದು ರಾತ್ರಿ ಜಾಗ ಕೊಡಿ ಎಂದು ತುಂಡು ಬಿಟ್ಟಳು. ದೇವರು ನಕ್ಕರು.

ಮತ್ತೆ ಬಿಟ್ಟಳು. ಮತ್ತೂ ನಕ್ಕರು. ಗುಡಿಯ ನೆರಳಲ್ಲಿ ಕೂತು ಸಿಂಪಿ ಬಿಡಿಸುತ್ತಿದ್ದ ಬಾವ್‌ಚೂ ಅಜ್ಜಿ ಚಾಕು ಕೆಳಗಿಟ್ಟು ಒಳಗೆ ಬಂದಳು. ಇಂಥ ತಮಾಷೆಯನ್ನು ಅವಳು ಬಿಡುವವಳಲ್ಲ. ವಿಳಾಸದಲ್ಲಿ ಮನೆ ನಂಬರು ಬಿಟ್ಟಿದ್ದೀಯ ಎಂದು ಥ್ಯೆನ್‌ಶೌ ತಪ್ಪು ಹಿಡಿದ. ನಂಬರು ಸೇರಿಸಿದರೂ ದೇವರು ನಕ್ಕರು. ಅಜ್ಜಿ ಯುಲುವಾನಳ ಕೈಯನ್ನು ಹಿಡಿದು, ತಿರುಗಿಸಿ, ಬೆರಳ ಗಂಟುಗಳನ್ನು ನೋಡಿದಳು.

"ಐವತ್ತೆರಡಾ ಇದು? ಯಾರ್ ಹತ್ರ ಹೇಳ್ತಾ ಇದೀಯ ಅಂತ ಗ್ಯಾನ ಇದೆಯಾ ನಿಂಗೆ?"

ಯುಲುವಾನಳ ಮುಖ ಕೆಂಪಾಯಿತು. ಬೆಳಿಗ್ಗೆಯಿಂದ ಹೇಳೀ ಹೇಳೀ ಬಾಯಿಗೆ ಕೂತುಬಿಟ್ಟಿದ್ದ ಸುಳ್ಳು ದೇವರ ಮುಂದೆಯೂ ಜಾರಿ ಬಂದಿತ್ತು. ಕ್ಷಮೆ ಕೇಳಿ, ಅರವತ್ತೆರಡು ಎಂದು ಮೆಲ್ಲಗೆ ತಿದ್ದಿದಳು. ಹಾಗಾದರೆ ನೀನು ನನಗೆ ಅಕ್ಕ ಎಂದ ಥ್ಯೆನ್‌ಶೌ. ಅದು ಅವಳಿಗೆ ದೇವರ ನಗುವಿಗಿಂತ ಹೆಚ್ಚು ಚುಚ್ಚಿತು. ತುಂಡು ಬಿಟ್ಟಳು. ಎರಡೂ ಚಪ್ಪಟೆ ಮೇಲೆ.

ಗಂಟೆ ಐದು ದಾಟಿತ್ತು. ಅಜ್ಜಿಗಂತೂ ಕುಣಿದಾಡುವಷ್ಟು ಖುಷಿ. ಇನ್ನೂ ಏನು ಮುಚ್ಚಿಟ್ಟಿದ್ದೀಯ, ಗಂಡ ನಿಜವಾಗಿ ಒಪ್ಪಿದ್ದಾನಾ ಎಂದು ಕೇಳಿದಳು. ಒಪ್ಪಿದ ಹಾಗೇ ಲೆಕ್ಕ ಎಂದಳು ಯುಲುವಾನ್. ಅಜ್ಜಿ ತುಂಡುಗಳನ್ನು ಎತ್ತಿ ಅವಳ ಕೈಗೆ ತುರುಕಿದಳು. ಆಗ ಯುಲುವಾನಳಿಗೆ ರೇಗಿತು. ದೇವರ ಕಡೆ ತಿರುಗಿ ಪಟಪಟನೆ ಅಂದುಬಿಟ್ಟಳು.

"ಒಪ್ಪಿಲ್ಲ. ಐದೂವರೆಗೆ ಲಾರಿ ತರ್ತಾನೆ. ಚಿಕ್ಕೋಳಿದ್ದಾಗ ನಾಲ್ಕು ಜನ ಅಕ್ಕತಂಗೀರು ಒಂದೇ ಮಂಚದಲ್ಲಿ ಮಲಗ್ತಿದ್ವಿ, ಆಮೇಲೆ ಇವನ ಗೊರಕೆ. ಹುಟ್ಟಿದಾಗಿಂದ ಒಂದು ರಾತ್ರೀನೂ ಒಬ್ಬಳೇ ಮಲಗಿಲ್ಲ ನಾನು. ಭಯ ಆಗ್ತಿದೆ, ಆದ್ರೂ ಬೇಕು. ಕೊಟ್ರೆ ಕೊಡಿ, ಇಲ್ದಿದ್ರೆ ಇಲ್ಲ."

ತುಂಡುಗಳು ನೆಲಕ್ಕೆ ಬಿದ್ದವು. ಒಂದು ಚಪ್ಪಟೆ, ಒಂದು ಉಬ್ಬು.

ಆಮೇಲಿನ ಇಪ್ಪತ್ತು ನಿಮಿಷ ಏನಾಯಿತೆಂದು ಕೇಳಬೇಡಿ. ನಾಟಕದ ಕಟ್ಟೆ ಸಿಮೆಂಟಿನದು, ಡೇರೆಯ ಗೂಟ ಇಳಿಯುವುದೆಲ್ಲಿಂದ? ಒಂದು ಮೂಲೆ ಎತ್ತಿದರೆ ಇನ್ನೊಂದು ಮೂಲೆ ಸಮುದ್ರದ ಗಾಳಿಗೆ ಹಾರುತ್ತಿತ್ತು. ಥ್ಯೆನ್‌ಶೌ ಡೇರೆಯ ಒಳಗೆ ಸಿಕ್ಕಿಕೊಂಡು ಬಾಗಿಲು ಹುಡುಕಿದ. ಅಜ್ಜಿ ಚಿಪ್ಪಿನ ಮೂಟೆ ಎಳೆಸಿ ನಾಲ್ಕು ಮೂಲೆಗೂ ಹೇರಿಸಿದಳು. ಐದು ಇಪ್ಪತ್ತಾರಕ್ಕೆ ಡೇರೆ, ಒಂದು ಕಡೆ ವಾಲಿಕೊಂಡೇ ಆದರೂ, ನಿಂತಿತು. ಯುಲುವಾನ್ ನಗುತ್ತ ಫೋಟೋ ಕಳಿಸಿದಳು. ಗಂಡನ ಫೋನು ಟಿಣ್ ಎಂದದ್ದು ಗುಡಿಯ ಬಾಗಿಲಲ್ಲೇ ಕೇಳಿಸಿತು.

ಖುನ್‌ಮು ಮೂರು ಗಂಟೆಗೇ ಹೊರಟು, ದಾರಿಯ ಊರುಗಳಲ್ಲೆಲ್ಲ ಸೈಕಲ್ ಹೆಂಗಸು ಹೋದಳಾ ಎಂದು ವಿಚಾರಿಸಿಕೊಂಡು ಬಂದಿದ್ದ. ಅಷ್ಟು ನಂಬಿಕೆ ಹೆಂಡತಿಯ ಮೇಲೆ! ಡೇರೆಯನ್ನು ಮೇಲಿಂದ ಕೆಳಗೆ ನೋಡಿ, ಇದು ಡೇರೆಯಲ್ಲ, ಒಣಹಾಕಿದ ಬಟ್ಟೆ, ಲಾರಿ ಹತ್ತು ಎಂದ. ಹೊತ್ತಿಗೆ ಮುಂಚೆ ಫೋಟೋ ಬಂದಿದೆ, ನಾನು ಹತ್ತುವುದಿಲ್ಲ ಎಂದಳು ಅವಳು. ಮಾತು ಬೆಳೆಯಿತು. ದೇವರು ಕೊಟ್ಟ ಜಾಗದಿಂದ ಎಬ್ಬಿಸಬೇಕಾದರೆ ದೇವರನ್ನೇ ಕೇಳಬೇಕು ಎಂದು ಥ್ಯೆನ್‌ಶೌ ನಡುವೆ ನಿಂತ.

ಅದಕ್ಕೇನಂತೆ ಎಂದು ಖುನ್‌ಮು ಎದೆ ಸೆಟೆಸಿ ಒಳಗೆ ನಡೆದ. ಹೆಸರು, ಮನೆ ನಂಬರು, ಅರವತ್ತೈದು ವರ್ಷ, ಒಂದೂ ತಪ್ಪಿಲ್ಲದೆ ಒಪ್ಪಿಸಿ, ಹೆಂಡತಿಯನ್ನು ಕರೆದುಕೊಂಡು ಹೋಗಲಾ ಎಂದು ಕೇಳಿದ. ಊಹೂಂ. ಇನ್ನೊಮ್ಮೆ ಬಿಟ್ಟ. ಊಹೂಂ. ಅಜ್ಜಿ ಅಂಗಿಯ ತೋಳಿನಿಂದ ಬಾಯಿ ಮುಚ್ಚಿಕೊಂಡಳು. ಮೂರನೆಯ ಸಲ ಅವನು ತುಟಿಯಲ್ಲೇ ಏನೋ ಗೊಣಗಿ ತುಂಡು ಬಿಟ್ಟ. ಈ ಸಲ ದೇವರು ನಕ್ಕರು.

ಬಾಯಿ ಬಿಟ್ಟು ಕೇಳಪ್ಪ, ಅವರಿಗೂ ವಯಸ್ಸಾಗಿದೆ ಎಂದಳು ಅಜ್ಜಿ. ಖುನ್‌ಮು ತಿರುಗಿ ನೋಡಿದ. ಹೆಂಡತಿ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವನು ತುಂಡುಗಳನ್ನು ಎತ್ತಿಕೊಂಡು ದೇವರ ಕಡೆ ತಿರುಗಿದ.

"ನಾನೂ ಮೂವತ್ತೆಂಟು ವರ್ಷದಿಂದ ಒಬ್ಬನೇ ಮಲಗಿಲ್ಲ," ಎಂದ, ದೇವರಿಗೆ. "ಹನ್ನೆರಡು ರಾತ್ರಿ ಆ ಮನೇಲಿ ನಾನೊಬ್ಬನೇ ಇರಬೇಕಾ?"

ಒಂದು ಚಪ್ಪಟೆ, ಒಂದು ಉಬ್ಬು.

ಯುಲುವಾನಳಿಗೆ ಅಯ್ಯೋ ಅನ್ನಿಸಿತು. ಮೊದಲು ನಕ್ಕವನು ಖುನ್‌ಮುವೇ. ಆಮೇಲೆ ಗುಡಿಯೊಳಗೆ ನಾಲ್ಕೂ ಜನ, ದೇವರೆದುರೇ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅಜ್ಜಿ ಎಲ್ಲರಿಗೂ ಸಿಂಪಿ ಹಾಕಿದ ಮೊಟ್ಟೆ ದೋಸೆ ಮಾಡಿ ತಂದಳು. ತಿಂದು ಕೈ ತೊಳೆದು ಖುನ್‌ಮು ಲಾರಿಯ ಟಾರ್ಪಾಲು ಬಿಚ್ಚಿ ತಂದು, ಡೇರೆಯ ಮೇಲೆ ಹೊದಿಸಿ, ವಾಲಿದ ಕಡೆ ಹಗ್ಗ ಬಿಗಿದು ಕಂಬಕ್ಕೆ ಕಟ್ಟಿದ. ಗಂಟು ಎರಡು ಸಲ ಜಗ್ಗಿ ನೋಡಿದ. ಲಾರಿ ಹತ್ತಿ ಎಂಜಿನ್ ಶುರುಮಾಡಿದ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ನಾಳೆ ರಾತ್ರಿ ಎಲ್ಲಿ?"

"ಗೊತ್ತಿಲ್ಲ ಮುದಿಕೋತಿ," ಎಂದಳು ಯುಲುವಾನ್. ಗೊತ್ತಿಲ್ಲ ಎನ್ನುವಷ್ಟು ಚೆನ್ನಾದ ಮಾತು ತನ್ನ ಬಾಯಿಂದ ಯಾವತ್ತೂ ಬಂದಿರಲಿಲ್ಲ ಎನ್ನಿಸಿ, ಲಾರಿ ತಿರುವಿನಲ್ಲಿ ಮರೆಯಾಗುವ ಮುಂಚೆ ಕೂಗಿ ಇನ್ನೊಮ್ಮೆ ಹೇಳಿದಳು.