ಅದಲುಬದಲಾದ ತುಂಡು

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದಾಗ ನಾನು ಔರಾದಿನ ಸಂತಪುರದಲ್ಲಿ ಇನ್ನೂ ಲಂಗ ತೊಡುವ ಹುಡುಗಿ. ಬೀದರ ಜಿಲ್ಲೆಯನ್ನು ತುಂಡು ಮಾಡಿ ಹಂಚಿದರು. ನಾವು ಈಚೆ ಬಂದೆವು, ಅವ್ವನ ತವರು ಮುಂಬಯಿ ರಾಜ್ಯದ ಪಾಲಾಯಿತು. ಊರು ಇದ್ದಲ್ಲೇ ಇತ್ತು. ಆದರೂ ಅವ್ವ ಸಾಯುವವರೆಗೆ "ನನ್ನ ತವರಮನಿ ಮುರದು ಒಯ್ದ್ರು" ಎಂದು ಗೊಣಗಿದಳು. ಮುರಿದು ಬೇರೆ ಕಡೆ ಸೇರಿಸುವುದೆಂದರೆ ಕೇಡೇ ಎಂದು ನನ್ನ ತಲೆಯಲ್ಲೂ ಕೂತುಬಿಟ್ಟಿತು.

ಎಷ್ಟೋ ವರ್ಷಗಳ ಮೇಲೆ ನನ್ನ ಗಂಡನಿಗೆ ರಕ್ತದ ಕ್ಯಾನ್ಸರ್ ಬಂತು. ಬೀದರಿನ ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರು ಭಾಲ್ಕಿ ಕಡೆಯ ಹಲಬರ್ಗಾದವರು. ಅದೇ ರೋಗ, ಅದೇ ಉಬ್ಬಿದ ಹೊಟ್ಟೆ. ಇಬ್ಬರ ರಕ್ತವೂ ಕೂಡಿಯೇ ಹೈದರಾಬಾದಿಗೆ ಪರೀಕ್ಷೆಗೆ ಹೋಯಿತು. ವರದಿ ಬಂದ ಬೆಳಿಗ್ಗೆ ನರ್ಸಮ್ಮ ಹೇಳಿದ್ದು ಇಷ್ಟು: ಹಲಬರ್ಗಾದವರ ರಕ್ತದಲ್ಲಿ ಎರಡು ಕ್ರೋಮೋಸೋಮುಗಳ ತುಂಡುಗಳು ಮುರಿದು ಅದಲುಬದಲಾಗಿವೆ, ನಮ್ಮವರಲ್ಲಿ ಹಾಗಾಗಿಲ್ಲ. ನಾನು ಓಡಿಹೋಗಿ ಪೇಢಾ ತಂದು ಹಂಚಿದೆ. ಅಳುತ್ತ ಕೂತಿದ್ದ ಅವರ ಹೆಂಡತಿಗೂ ತಿನ್ನಿಸಿದೆ.

"ಅಳಬ್ಯಾಡ ತಂಗಿ, ನಿಮ್ಮ ಕಡಿಗೂ ದೇವರು ಕಣ್ಣು ತೆರದು ನೋಡ್ತಾನ."

ಮಧ್ಯಾಹ್ನ ಡಾಕ್ಟರು ನನ್ನನ್ನು ಹೊರಗೆ ಕರೆದರು.

"ಅಮ್ಮಾ, ಆ ಅದಲುಬದಲು ಇದ್ದವರಿಗೇ ಗುಳಿಗಿ ಕೆಲಸಾ ಮಾಡ್ತದ್ರಿ. ದಿನಾ ನುಂಗಿದ್ರ ಆರಾಮ ಇರ್ತಾರ. ನಿಮ್ಮವರಿಗಿ ಆ ಗುಳಿಗಿ ಉಪಯೋಗ ಇಲ್ರಿ."

ಆಮೇಲೆ ನನಗೆ ಹತ್ತಿದ ಹೊಟ್ಟೆಕಿಚ್ಚು ಯಾವ ಸವತಿಗೂ ಹತ್ತಿರಲಿಕ್ಕಿಲ್ಲ. ಹಲಬರ್ಗಾದಾಕೆಯ ಕುಂಕುಮಕ್ಕೆ, ಗಂಡ ಉಂಡ ಖಾಲಿ ಡಬ್ಬಿಯನ್ನು ಆಕೆ ತೊಳೆಯುವ ಸದ್ದಿಗೆ, ಎಲ್ಲಕ್ಕೂ ಉರಿದೆ. ಹಸಿವಾಗಿದೆ ಎಂದು ಆಕೆಯ ಗಂಡ ಆಕೆಯ ಮೇಲೆ ರೇಗಿದರೂ ನನಗೆ ತಡೆಯಲಾಗುತ್ತಿರಲಿಲ್ಲ. ನಮ್ಮವರು ಊಟ ಬಿಟ್ಟಿದ್ದರು. ಒಂದು ತುಂಡು ಮುರಿದಿದ್ದರೆ ನಿನ್ನ ರಕ್ತಕ್ಕೇನು ಧಾಡಿಯಾಗುತ್ತಿತ್ತು ಎಂದು ಮಲಗಿದ ಗಂಡನ ಮೇಲೂ ಸಿಟ್ಟು ಬರುತ್ತಿತ್ತು.

ಮಳೆಗಾಲಕ್ಕೆ ಮುಂಚೆ ನಮ್ಮವರು ಹೋಗಿಬಿಟ್ಟರು. ಸಾವಾದ ಮನೆಯಲ್ಲಿ ನಾವು ಒಲೆ ಹಚ್ಚುವುದಿಲ್ಲ, ಬೇಕಾದವರೇ ರೊಟ್ಟಿ ಪಲ್ಯ ಹೊತ್ತು ತರುತ್ತಾರೆ. ನೌಬಾದದ ನಮ್ಮ ಮನೆಗೆ ಹಲಬರ್ಗಾದಿಂದಲೂ ಬುಟ್ಟಿ ಬಂತು. ಆಕೆಯೇ ಬಂದಿದ್ದಳು, ಬುಟ್ಟಿ ಹೊತ್ತು ತಂದಾತ ಆಕೆಯ ಗಂಡ. ಮೈಕೈ ತುಂಬಿಕೊಂಡಿದ್ದ. ಆಕೆ ರೊಟ್ಟಿ ಮುರಿದು ನನ್ನ ಬಾಯಿಗೆ ಹಿಡಿದಳು.

"ಉಣ್ರಿ ಅಕ್ಕಾ. ಅವತ್ತು ನಾ ಅಳೋ ಮುಂದ ನೀವು ಪೇಢಾ ತಿನಸಿದ್ರಿ."

ನಾನು ಬಾಯಿ ತೆರೆದೆ, ಕಣ್ಣು ಮಾತ್ರ ಆತನ ಮೇಲೇ ಇತ್ತು. ಊಟ ಮುಗಿಸಿ ಆತ ನೀರು ಕೇಳಿದ. ನಮ್ಮವರು ಕುಡಿಯುತ್ತಿದ್ದ ತಂಬಿಗೆಯನ್ನೇ ತುಂಬಿ ಕೊಟ್ಟೆ. ಜೇಬಿನಿಂದ ಗುಳಿಗೆ ತೆಗೆದು, ನನ್ನೆದುರೇ ನುಂಗಿದ.