ಮೂರು ಅಂಟು, ಒಂದು ಪಾತ್ರೆ

ದೋಣಿ ಮೇಸ್ತ್ರಿಯವರು ನನ್ನ ಮನೆಗೆ ಬಂದರೆ ಮೊದಲು ಬಾಗಿಲಿನ ಚೌಕಟ್ಟನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ಅದು ಕ್ಷೇಮವೆಂದು ಖಾತ್ರಿಯಾದ ಮೇಲೆಯೇ ನನ್ನ ಕ್ಷೇಮ ವಿಚಾರಿಸುತ್ತಿದ್ದರು.

ನಲವತ್ತು ವರ್ಷಗಳಲ್ಲಿ ಅವರು ಕಟ್ಟಿದ ದೋಣಿಗಳಲ್ಲಿ ಒಂದೂ ಬಿರುಕು ಬಿಟ್ಟಿರಲಿಲ್ಲ. ಅದು ತಮ್ಮ ಹೆಚ್ಚುಗಾರಿಕೆಯಲ್ಲ, ಕೆಂಪು ಅಂಟಿನದು ಎನ್ನುತ್ತಿದ್ದರು. ಪುಡಿ ಬೆರೆಸಿ ಹಚ್ಚುವ ಆ ಅಂಟು ಹಿಡಿಯಬೇಕಾದರೆ ಹಲಗೆಗಳಿಗೆ ತಿರುಪಿನ ಕ್ಲಾಂಪ್ ಹಾಕಿ ಉಸಿರು ಕಟ್ಟುವಷ್ಟು ಬಿಗಿಯಬೇಕು. ಬಿಗಿಯುವುದರಲ್ಲಿ ಮೇಸ್ತ್ರಿಯವರನ್ನು ಮೀರಿಸಿದವರಿರಲಿಲ್ಲ. ಅವರು ಮುಚ್ಚಿಟ್ಟ ಡಬ್ಬಿಯನ್ನು ತೆರೆಯಲು ಅವರ ಹೆಂಡತಿ ನೆರೆಮನೆಯವರನ್ನು ಕರೆಯಬೇಕಾಗುತ್ತಿತ್ತು.

ಮಗಳು ಎಂಟು ವರ್ಷ ಅವರ ಕೈಕೆಳಗೆ ದುಡಿದಿದ್ದಳು. ಅವಳದೇ ಎನ್ನುವ ದೋಣಿ ಒಂದೂ ಇರಲಿಲ್ಲ. ಜನರನ್ನು ಹೊಳೆ ದಾಟಿಸುವ ದೊಡ್ಡ ದೋಣಿಯ ಕೆಲಸ ಬಂದ ದಿನ ಅವಳು ಬಾಯಿಬಿಟ್ಟು ಕೇಳಿದಳು.

“ಅಪ್ಪಾ, ಇದನ್ನ ನಾನೇ ಕಟ್ತೀನಿ. ಅಡಿಮರದಿಂದ ಬಣ್ಣದವರೆಗೂ. ಆದರೆ ಕೆಂಪು ಅಂಟು ಬೇಡ, ಎಪಾಕ್ಸಿ ಹಾಕ್ತೀನಿ.”

“ಎರಡು ಡಬ್ಬಿಯಿಂದ ತೆಗೆದು ಕಲಸೋದಾ? ಅದು ಹಲ್ಲಿನ ಡಾಕ್ಟರ್ ಕೆಲಸ, ಮಗಳೇ.”

ಕೊನೆಗೆ ಒಂದು ಪರೀಕ್ಷೆ ಗೊತ್ತಾಯಿತು. ಒಂದೇ ಹಲಗೆಯ ತುಂಡುಗಳನ್ನು ಮೇಜು ಕುರ್ಚಿಗೆ ಹಚ್ಚುವ ಬಿಳಿ ಅಂಟು, ಕೆಂಪು ಅಂಟು, ಎಪಾಕ್ಸಿಗಳಿಂದ ಜೋಡಿಸಬೇಕು. ಒಂದು ವಾರ ಬಿಟ್ಟು ಮೂರು ಗಂಟೆ ಕುದಿಸಬೇಕು. ಆಮೇಲೆ ಬೆಸುಗೆಗೆ ಉಳಿಯಿಟ್ಟು ಹೊಡೆಯಬೇಕು. ಮರವೇ ಸೀಳಿದರೆ ಅಂಟು ಪಾಸು. ಬೆಸುಗೆ ಬಿಟ್ಟುಕೊಂಡರೆ ಫೇಲು. ಎಪಾಕ್ಸಿ ಪಾಸಾದರೆ ದೋಣಿ ಮಗಳದು. ಇಲ್ಲವಾದರೆ ಆ ಮಾತನ್ನು ಅವಳು ಮತ್ತೆ ಎತ್ತಕೂಡದು.

“ಮೇಷ್ಟ್ರೇ, ನಮ್ಮಿಬ್ಬರಿಗೂ ಮಾರ್ಕ್ಸ್ ಕೊಟ್ಟವರು ನೀವು. ಇವಕ್ಕೂ ನೀವೇ ಕೊಡಿ” ಎಂದರು ಮೇಸ್ತ್ರಿ. ಗಣಿತದಲ್ಲಿ ನಾನು ಅವರಿಬ್ಬರಿಗೆ ಕೊಟ್ಟದ್ದು ಹೇಳಿಕೊಳ್ಳುವಷ್ಟಿರಲಿಲ್ಲ. ಯಾರೂ ಆ ವಿಷಯ ತೆಗೆಯಲಿಲ್ಲ.

ಮಗಳು ಎಪಾಕ್ಸಿ ಕಲಸಿ ಹಚ್ಚಿ, ದೋಣಿಗೆ ಮರ ನೋಡಲು ಹೋದಳು. ಕ್ಲಾಂಪುಗಳನ್ನು ಮೇಸ್ತ್ರಿ ಬಿಗಿದರು. ಅನ್ಯಾಯವಾಗಬಾರದೆಂದು ಮೂರಕ್ಕೂ ಸರಿಸಮವಾಗಿ, ಸುತ್ತುಗಳನ್ನು ಎಣಿಸಿ ಬಿಗಿದರು. ಹೊರಗೆ ಉಕ್ಕಿದ್ದನ್ನು ಒಂದು ಬಟ್ಟೆಯಿಂದ ಚೊಕ್ಕಟವಾಗಿ ಒರೆಸಿದರು.

ಕುದಿಸುವ ದಿನ ಮೇಸ್ತ್ರಿಯ ಹೆಂಡತಿ ಪಾತ್ರೆಯ ಮುಚ್ಚಳ ತೆಗೆದು, “ಮೇಷ್ಟ್ರೇ, ಬೆಂದಿದೆಯಾ ನೋಡಿ. ಉಪ್ಪು ಹಾಕಿಲ್ಲ” ಎಂದರು.

ಬಿಳಿ ಅಂಟಿನ ತುಂಡುಗಳು ಉಳಿಗೆ ಕಾಯದೆ ಪಾತ್ರೆಯಲ್ಲಿಯೇ ಬೇರೆಯಾಗಿದ್ದವು. ಕೆಂಪು ಅಂಟಿನದಕ್ಕೆ ಹೊಡೆದಾಗ ಮರ ಸೀಳಿತು. ಎಪಾಕ್ಸಿಯದು ಒಂದೇ ಏಟಿಗೆ ಬೆಸುಗೆಯಲ್ಲೇ ಬಿಟ್ಟು ಎರಡಾಯಿತು.

ಮಗಳ ಮುಖ ಸಣ್ಣದಾಯಿತು. ನಾನು ಪೆನ್ನಿನ ಮುಚ್ಚಳ ತೆಗೆದೆ. ಅವಳು ಆ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಗುರಿನಿಂದ ಗೀರಿ ನೋಡಿದಳು.

“ಅಪ್ಪಾ, ಇದರಲ್ಲಿ ಅಂಟೆಲ್ಲಿದೆ? ಬರೀ ಮರ ಇದೆ. ಎಷ್ಟು ಬಿಗಿದ್ರಿ?”

“ಎಲ್ಲಕ್ಕೂ ಎಷ್ಟೋ ಇದಕ್ಕೂ ಅಷ್ಟೇ. ಮೋಸ ಮಾಡಿಲ್ಲ.”

“ಅದೇ ತಪ್ಪಾಗಿದ್ದು! ಇದಕ್ಕೆ ಹಲಗೆ ಹಲಗೆ ತಾಗಿದ್ರೆ ಸಾಕು. ನೀವು ಅಂಟನ್ನೆಲ್ಲ ಹಿಂಡಿ ಹೊರಗೆ ಹಾಕಿದ್ದೀರ.”

“ಬಟ್ಟೆ ಹಿಂಡೋಕೆ ಕರೆದ್ರೆ ಮಾತ್ರ ಇವರಿಗೆ ಕೈನೋವು” ಎಂದರು ಹೆಂಡತಿ.

ಮೇಸ್ತ್ರಿ ಹೋಗಿ, ಗೂಟದಲ್ಲಿದ್ದ ಒರೆಸುವ ಬಟ್ಟೆಯನ್ನು ತಂದು ಮೇಜಿಗೆ ಕುಟ್ಟಿದರು. ಅದು ಹಲಗೆಯಂತೆ ಟಕ್ಕೆಂದಿತು.

“ಮೇಷ್ಟ್ರೇ, ಪಾಸಾಗಿರೋದು ಈ ಬಟ್ಟೆ. ಇನ್ನೊಂದು ಸಲ ಮಾಡೋಣ” ಎಂದರು.

ಎರಡನೆಯ ಸಲ ಎಪಾಕ್ಸಿಯ ತುಂಡುಗಳನ್ನು ಮಗಳೇ ಬಿಗಿದಳು. ಮೇಸ್ತ್ರಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದರು. “ಇನ್ನೊಂದು ಅರ್ಧ ಸುತ್ತು...” ಎಂದು ಎರಡು ಬಾರಿ ಶುರುಮಾಡಿ ಎರಡು ಬಾರಿಯೂ ನುಂಗಿಕೊಂಡರು. ಅವರು ದೋಣಿ ಎತ್ತುವಾಗಲೂ ಅಷ್ಟು ಬೆವರಿದ್ದನ್ನು ನಾನು ಕಂಡಿರಲಿಲ್ಲ.

ಒಂದು ವಾರದ ಮೇಲೆ ಮೂರು ಗಂಟೆ ಕುದಿಸಿ ಹೊಡೆದರೆ ಮರ ಸೀಳಿತು. ಒಂದು ಸಿಬರು ಹಾರಿ ನನ್ನ ಕನ್ನಡಕಕ್ಕೆ ಬಡಿಯಿತು. ಬೆಸುಗೆ ಹಾಗೆಯೇ ಇತ್ತು. ಮೇಸ್ತ್ರಿ ತುಂಡನ್ನು ತಿರುಗಿಸಿ ಇನ್ನೂ ನಾಲ್ಕು ಏಟು ಹಾಕಿದರು. ಮರ ಇನ್ನಷ್ಟು ಸೀಳಿತು, ಅಷ್ಟೆ.

“ಈಗ ಕೆಂಪು, ಎಪಾಕ್ಸಿ ಎರಡೂ ಸಮ ಅಲ್ವಾ ಮೇಷ್ಟ್ರೇ? ಸಮ ಬಂದ್ರೆ ಹಳೇದಕ್ಕೆ ಮರ್ಯಾದೆ ಕೊಡಬೇಕು, ಅಲ್ವಾ?” ಎಂದರು ಮೇಸ್ತ್ರಿ.

“ಎಪಾಕ್ಸಿ ಪಾಸಾಗಬೇಕು ಅಂತಷ್ಟೇ ಮಾತಾಗಿತ್ತು. ಪಾಸಾಗಿದೆ” ಎಂದೆ.

ಮೇಸ್ತ್ರಿ ಉಳಿಯನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟರು. “ಸರಿ. ನಾಳೆ ಅಡಿಮರ ಇಡು. ನನ್ನನ್ನ ಯಾವ ಕೆಲಸಕ್ಕೆ ಹಾಕ್ತೀಯಾ?”

ಮಗಳು ನಿಜವಾಗಿಯೂ ಯೋಚಿಸಿದಳು. “ಸ್ಯಾಂಡ್‌ಪೇಪರ್ ಉಜ್ಜಿ. ಕ್ಲಾಂಪ್ ಮುಟ್ಟಬೇಡಿ.”

ಮರುದಿನ ಎಂಟು ಗಂಟೆಗೆ ಮೇಸ್ತ್ರಿಯವರು ತಾವೇ ಕಟ್ಟಿದ ಶೆಡ್ಡಿನ ಬಾಗಿಲಲ್ಲಿ ಸ್ಯಾಂಡ್‌ಪೇಪರ್ ಹಿಡಿದು ನಿಂತಿದ್ದರು. ಮಗಳು ಬೀಗ ತೆಗೆದಳು.

“ಎಲ್ಲಿಂದ ಶುರು ಮಾಡ್ಲಿ?”

“ಆ ಮೂಲೆಯ ಹಲಗೆಯಿಂದ. ಮೆತ್ತಗೆ ಉಜ್ಜಿ, ಅಪ್ಪಾ.”

ಮೇಸ್ತ್ರಿಯವರು ಆ ಮೂಲೆಗೆ ಹೋದರು.