ಸೋರುವ ತೂತಿಗೆ ಸಾಬೂನು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದರಲ್ಲೂ ನನ್ನ ವ್ಯಾನಿನ ಬಗ್ಗೆ ಯಾರಾದರೂ ಒಂದು ಮಾತು ಆಡಿದರೆ ಮುಗಿಯಿತು. ದಾಸನಕೊಪ್ಪದ ಸುತ್ತಿನ ಹನ್ನೆರಡು ಮಕ್ಕಳನ್ನು ಶಿರಸಿಯ ಶಾಲೆಗೆ ಬಿಟ್ಟು ಕರೆತರುವ ಹಳೆಯ ಡೀಸೆಲ್ ವ್ಯಾನು ಅದು. ಓಡಿಸುವವಳು ನಾನೇ. ಹೆಂಗಸು ಓಡಿಸುವ ಗಾಡಿ ಎಂದು ಮೊದಮೊದಲು ಮೂಗು ಮುರಿದವರೇ ಆಮೇಲೆ ಮಕ್ಕಳನ್ನು ತಂದು ಹತ್ತಿಸಿದರು.

ಒಂದು ವರ್ಷ ಮಳೆಗಾಲ ಮುಗಿಯುತ್ತಲೇ ಗಾಡಿಯೊಳಗೆ ಡೀಸೆಲ್ ವಾಸನೆ ಶುರುವಾಯಿತು. ಬಗ್ಗಿ ನೋಡಿದರೆ ಎಂಜಿನ್ನಿನ ಪಕ್ಕಕ್ಕಿರುವ ಪುಟ್ಟ ಡೀಸೆಲ್ ಪಂಪಿನ ಅಡಿಯಲ್ಲೊಂದು ಸಣ್ಣ ತೂತು, ಅಲ್ಲಿಂದ ತೊಟ್ಟಿಕ್ಕುತ್ತಿತ್ತು. ನಮ್ಮ ಕಡೆ ಟ್ಯಾಂಕು ಸೋರಿದರೆ ಬಟ್ಟೆ ಒಗೆಯುವ ಸಾಬೂನು ತಿಕ್ಕುವುದು ರೂಢಿ. ಅಪ್ಪ ಟ್ರ್ಯಾಕ್ಟರಿಗೆ ಅದನ್ನೇ ಮಾಡುತ್ತಿದ್ದ. ನಾನೂ ಸಾಬೂನನ್ನು ನಾದಿ ಆ ತೂತಿಗೆ ಮೆತ್ತಿ, ಮೇಲೊಂದು ಬಟ್ಟೆ ಬಿಗಿದೆ. ಸೋರುವುದು ನಿಂತಿತು. ಮೆಕ್ಯಾನಿಕ್ಕಿನ ಹಂಗಿಲ್ಲದೆ ಕೆಲಸ ಮುಗಿಸಿದೆನೆಂದು ಎರಡು ವಾರ ಬೀಗಿಕೊಂಡು ತಿರುಗಿದೆ.

ವಾಸನೆ ಮಾತ್ರ ಪೂರ್ತಿ ಹೋಗಲಿಲ್ಲ. ಒಬ್ಬಳು ಹುಡುಗಿ ದಾರಿಯಲ್ಲಿ ವಾಂತಿ ಮಾಡಿಕೊಂಡಳು, ಅವಳ ತಾಯಿ ಶಾಲೆಗೆ ದೂರಿತ್ತರು. ಮುಖ್ಯೋಪಾಧ್ಯಾಯಿನಿ ಶನಿವಾರ ನನ್ನನ್ನು ಕರೆಸಿದರು. ಗಾಡಿಯನ್ನು ಮೆಕ್ಯಾನಿಕ್ಕಿಗೆ ತೋರಿಸಿ, ರಿಪೇರಿ ಮಾಡಿದವರಿಂದಲೇ ತಮಗೆ ಫೋನು ಮಾಡಿಸಬೇಕು, ಇಲ್ಲದಿದ್ದರೆ ಸೋಮವಾರದಿಂದ ಮಕ್ಕಳನ್ನು ಬೇರೆ ಗಾಡಿಗೆ ಹತ್ತಿಸುತ್ತೇವೆ ಎಂದರು. ಆ ಮಕ್ಕಳನ್ನು ಬಿಟ್ಟರೆ ನನಗೆ ಬೇರೆ ದುಡಿಮೆಯಿಲ್ಲ. ನಿಜಕ್ಕೂ ಹೆದರಿದ್ದೆ. ಆದರೆ ದಾರಿಯುದ್ದಕ್ಕೂ ಆ ತಾಯಿಯನ್ನೇ ಬೈದುಕೊಂಡು ಹೋದೆ.

ಇಸಳೂರಿನ ಹತ್ತಿರ ಒಬ್ಬ ಹಿರಿಯರ ಶೆಡ್ಡಿದೆ. ಜೀವಮಾನವೆಲ್ಲ ಲಾರಿ ಬಿಚ್ಚಿ ಕೂಡಿಸಿದವರು, ಎಲ್ಲರಿಗೂ ಚಾಚಾ. ಅವರು ಪಾನಾ-ಸ್ಪ್ಯಾನರು ಮುಟ್ಟುವ ಮೊದಲು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಡಾಕ್ಟರು ಕೇಳಿದ ಹಾಗೆ ಒಂದೊಂದೇ ಕೇಳುತ್ತಾ ಹೋದರು. ವಾಸನೆ ಓಡುವಾಗಲೋ ನಿಂತಾಗಲೋ? ಗಾಡಿ ಆಯಿಲ್ ಕುಡಿಯುತ್ತದೆಯೋ? ಒಂದು ಹನಿಯೂ ಕುಡಿಯುವುದಿಲ್ಲ, ಈಚೆಗಂತೂ ಅಳತೆಕಡ್ಡಿಯಲ್ಲಿ ಗೆರೆಗಿಂತ ಮೇಲೆಯೇ ಇರುತ್ತದೆ ಎಂದು ನಾನು ಹೆಮ್ಮೆಯಿಂದ ಹೇಳಿದೆ. ಚಾಚಾ ಕೇಳುವುದನ್ನು ನಿಲ್ಲಿಸಿ ಎದ್ದರು.

ಅಳತೆಕಡ್ಡಿ ಎಳೆದು ಮೂಸಿದರು. ಒಂದು ಹನಿಯನ್ನು ಹಳೆಯ ಪೇಪರಿನ ಮೇಲೆ ಬಿಟ್ಟು ಕಾದರು. ನಡುವೆ ಕಪ್ಪು ಮಚ್ಚೆ ನಿಂತಿತು, ಅದರ ಸುತ್ತ ಎಣ್ಣೆಯ ತೆಳು ಉಂಗುರವೊಂದು ಹರಡುತ್ತಾ ಹೋಯಿತು. ಆಯಿಲಿನಲ್ಲಿ ಡೀಸೆಲ್ ಸೇರಿದೆ ಎಂದರು. ಆಮೇಲೆ ಪಂಪಿನಡಿಗೆ ಬೆರಳು ಹಾಕಿ ನನ್ನ ಸಾಬೂನನ್ನು ಕೆರೆದು ತೆಗೆದರು.

"ಇದು ಸುದ್ದಿ ಹೇಳೋ ತೂತು, ತಂಗಿ. ನೀ ಅದರ ಬಾಯಿ ಮುಚ್ಚಿಬಿಟ್ಟೀ."

ಪಂಪಿನೊಳಗಿನ ರಬ್ಬರ್ ಪೊರೆ ಹರಿದರೆ ಡೀಸೆಲ್ ಹೊರಗೆ ತೊಟ್ಟಿಕ್ಕಿ ನಮಗೆ ಗೊತ್ತಾಗಲಿ ಎಂದೇ ಆ ತೂತು ಇಟ್ಟಿರುತ್ತಾರಂತೆ. ನಾನು ಮುಚ್ಚಿದ ಮೇಲೆ ಅದು ಎಂಜಿನ್ನಿನೊಳಕ್ಕೆ ಇಳಿದಿತ್ತು. ಇನ್ನು ಸ್ವಲ್ಪ ದಿನ ಓಡಿಸಿದ್ದರೆ ತೆಳ್ಳಗಾದ ಆಯಿಲಿನಲ್ಲಿ ಎಂಜಿನ್ ತಿರುಗದಂತೆ ಹಿಡಿದುಕೊಂಡು, ಮಕ್ಕಳಿರುವಾಗಲೇ ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತಿತ್ತು.

ಅವರ ಜಾಗದಲ್ಲಿ ನಾನಿದ್ದರೆ ಚೆನ್ನಾಗಿ ಬೈಯುತ್ತಿದ್ದೆ. ಅವರು ಬೈಯಲಿಲ್ಲ. ಪಂಪು ಬಿಚ್ಚಿ ಪೊರೆಯನ್ನು ಬೆಳಕಿಗೆ ಹಿಡಿದು, ಕೂದಲೆಳೆಯಷ್ಟಿದ್ದ ಸೀಳನ್ನು ನನಗೂ ತೋರಿಸಿದರು. ಹೊಸ ಪೊರೆ ಕೂರಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಒಂದಿಷ್ಟಿಷ್ಟೇ ಬಿಗಿದರು, ಎಲ್ಲೂ ಜೋರು ಮಾಡಲಿಲ್ಲ. ಕೆಟ್ಟ ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಹೊಸದು ತುಂಬಿದರು. ಕೊನೆಗೆ ಪಂಪನ್ನು ಒರೆಸಿ ಒಣಗಿಸಿ, ಅಡಿಗೊಂದು ಬಿಳಿ ಕಾಗದ ಇಟ್ಟು, ಅರ್ಧ ಗಂಟೆ ಎಂಜಿನ್ ಓಡಿಸಿದರು. ಕಾಗದ ಬಿಳಿಯಾಗಿಯೇ ಇತ್ತು. ಅಷ್ಟು ಹೊತ್ತೂ ಅವರು ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ. ಕೆಲಸವನ್ನು ಅಷ್ಟು ಮರ್ಯಾದೆಯಿಂದ ಮಾಡುವವರನ್ನು ನಾನು ಹೆಚ್ಚು ಕಂಡಿಲ್ಲ.

ಫೋನು ಮಾಡುವಾಗ ಸಾಬೂನಿನ ವಿಷಯ ಎತ್ತಬೇಡಿ, ಪಂಪು ಹಳತಾಗಿತ್ತು ಎಂದುಬಿಡಿ ಎಂದು ಕೇಳಿಕೊಂಡೆ. ಚಾಚಾ ನನ್ನ ಫೋನಿನಲ್ಲೇ ಮುಖ್ಯೋಪಾಧ್ಯಾಯಿನಿಗೆ ಪಂಪು ಸರಿಯಾಗಿದೆಯೆಂದು ಹೇಳಿ, ಮೊದಲು ಏನಾಗಿತ್ತೆಂದು ತಂಗಿಯೇ ಹೇಳುತ್ತಾಳೆ ಎಂದು ಫೋನನ್ನು ನನ್ನ ಕೈಗಿಟ್ಟರು. ನನಗೆ ಉರಿದುಹೋಯಿತು. ಆದರೆ ಆ ಮುಖದ ಎದುರು ಸುಳ್ಳು ಬಾಯಿಗೆ ಬರಲಿಲ್ಲ. ಎಲ್ಲವನ್ನೂ ಹೇಳಿದೆ.

ಮುಖ್ಯೋಪಾಧ್ಯಾಯಿನಿ ಫೋನನ್ನು ಚಾಚಾಗೆ ಕೊಡಲು ಹೇಳಿ, ಇವಳ ಕೈಯಲ್ಲಿ ಮಕ್ಕಳನ್ನು ಬಿಡಬಹುದೇ ಎಂದು ಕೇಳಿದರು. ಪಕ್ಕದಲ್ಲಿದ್ದ ನನಗೂ ಅದು ಕೇಳಿಸಿತು.

"ಸೋಮವಾರ ಆ ಗಾಡ್ಯಾಗ ನಾನೂ ಕುಂತು ಬರ್ತೇನ್ರಿ," ಎಂದರು ಚಾಚಾ.

ಬಂದರು. ಬೆಳಗ್ಗಿನ ಬಸ್ಸಿನಿಂದ ದಾಸನಕೊಪ್ಪದಲ್ಲಿ ಇಳಿದು, ನನ್ನ ಪಕ್ಕದ ಸೀಟಿನಲ್ಲಿ ಕೂತರು. ದಾರಿಯಲ್ಲಿ ಎಂಜಿನ್ನಿಗೆ ಕಿವಿಗೊಡುತ್ತಾರೆ, ನನ್ನ ಗೇರು ಬ್ರೇಕು ನೋಡುತ್ತಾರೆ ಎಂದು ಮೈಯೆಲ್ಲ ಬಿಗಿಹಿಡಿದು ಓಡಿಸಿದೆ. ಎರಡು ಮೈಲಿ ಕಳೆದು ತಿರುಗಿ ನೋಡಿದರೆ ಮನುಷ್ಯ ಗೊರಕೆ ಹೊಡೆಯುತ್ತಿದ್ದರು.

ಶಾಲೆಯ ಗೇಟಿನಲ್ಲಿ ಮುಖ್ಯೋಪಾಧ್ಯಾಯಿನಿ ಕಾದು ನಿಂತಿದ್ದರು. ಕಿಟಕಿಯಿಂದ ಒಳಗೆ ನೋಡಿದರು, ಅವರನ್ನು ಎಬ್ಬಿಸಬೇಡ ಎಂದು ನನಗೆ ಕೈಸನ್ನೆ ಮಾಡಿದರು. ಮಕ್ಕಳನ್ನು ಒಬ್ಬೊಬ್ಬರಾಗಿ ಇಳಿಸಿಕೊಂಡು, ಸಂಜೆ ನಾಲ್ಕಕ್ಕೆ ಬಾ ಎಂದರು.